ಬೆಸ್ಟಾಟುಂಗ್ ದೊರೆಯ ಕಾರು

ಕುಶನ್ ಅಂಗಡಿಯ ಯಜಮಾನರಿಗೆ ಊರಿನವರು ಇಟ್ಟ ಅಡ್ಡಹೆಸರು ಜರ್ಮನಿ. ಆ ದೇಶವನ್ನು ಅವರು ಕಂಡವರಲ್ಲ. ಭೂಪಟ ಹಿಡಿದು ಎಲ್ಲಿದೆ ತೋರಿಸಿ ಎಂದರೆ ಸಮುದ್ರದ ಮೇಲೆಲ್ಲ ಬೆರಳಾಡಿಸಿಯಾರು. ಆದರೆ ಅವರ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಂದು ಜರ್ಮನ್ ಕಾರಿತ್ತು. ಅಪ್ಪನ ಕಾಲದ್ದು, ಕೆನೆಬಣ್ಣದ್ದು, ಊರಿನ ಬೇರೆ ಯಾವ ಕಾರಿಗಿಂತಲೂ ಎರಡು ಮೊಳ ಉದ್ದದ್ದು. ಕಂಡವರ ಕಾರುಗಳ ಹರಿದ ಸೀಟು ಹೊಲಿದು ಸಂಸಾರ ತೂಗಿಸಿದ ಈ ಯಜಮಾನರು, ತಮ್ಮ ಕಾರಿನ ಮಾತು ಬಂದರೆ ಮಾತ್ರ ಅರಮನೆಯಲ್ಲಿ ಹುಟ್ಟಿ ಬೆಳೆದವರಂತೆ ಕುತ್ತಿಗೆ ನೆಟ್ಟಗೆ ಮಾಡುತ್ತಿದ್ದರು.

ಆ ಕಾರನ್ನು ಸಾಕುವುದೆಂದರೆ ಸುಮ್ಮನೆ ಅಲ್ಲ. ಒಮ್ಮೆ ಅದರ ನೀರಿನ ಪಂಪು ಕೆಟ್ಟು, ಹೊಸದು ಹಡಗಿನಲ್ಲಿ ಬರಲು ಏಳು ತಿಂಗಳು ಹಿಡಿಯಿತು. “ಯಜಮಾನ್ರೇ, ಇನ್ನೆರಡು ತಿಂಗಳು ಕಾದಿದ್ರೆ ಮಗೂನೇ ಹುಟ್ಟಿರ್ತಿತ್ತು” ಎಂದು ಮೆಕ್ಯಾನಿಕ್ ನಕ್ಕಿದ್ದ. ಯಜಮಾನರು ನಗಲಿಲ್ಲ. ಇಂಥ ಕಾರಿನ ಬಾಗಿಲು ಮುಚ್ಚಿದಾಗ ಆಗುವ ಸದ್ದು ಕೇಳಿದ್ದೀಯಾ, ದಿಂಬಿನ ಮೇಲೆ ದಿಂಬು ಇಟ್ಟ ಹಾಗೆ, ಎಂದು ಅವನನ್ನೇ ನಾಲ್ಕು ಸಲ ಬಾಗಿಲು ಮುಚ್ಚಿಸಿ ಕಳಿಸಿದ್ದರು.

ಅದು ಮನೆಗೆ ಬಂದ ಕಥೆ ಹೀಗೆ. ಸೇತುವೆ ಕಟ್ಟಲು ಬಂದಿದ್ದ ಪರದೇಶದ ಎಂಜಿನಿಯರನೊಬ್ಬ ಅಳತೆ ಕಂಬ, ಕೊಳವೆಗಳನ್ನು ಹೇರಿಕೊಂಡು ಅದರಲ್ಲಿ ಓಡಾಡುತ್ತಿದ್ದ. ಕೆಲಸ ಮುಗಿಸಿ ಹೊರಟಾಗ ಯಜಮಾನರ ಅಪ್ಪನಿಗೆ ಅದನ್ನು ಕೊಟ್ಟುಹೋದ. ಆಗ ಕಾರು ಕಪ್ಪಗಿತ್ತು. ಹಿಂದೆ ಸೀಟೇ ಇರಲಿಲ್ಲ. ನೆಲದ ಉದ್ದಕ್ಕೂ ಎರಡು ಉಕ್ಕಿನ ಹಳಿಗಳು, ಅವುಗಳ ನಡುನಡುವೆ ತಿರುಗುವ ಪುಟ್ಟ ಉರುಳೆಗಳು. ಕಿಟಕಿಗಳಿಗೆ ಪರದೆ ಹಾಕುವ ಹಿತ್ತಾಳೆ ಕಂಬಿ. ಹಿಂಭಾಗದಲ್ಲಿ ಕಪಾಟಿನಂತೆ ಪೂರ್ತಿ ತೆರೆಯುವ ಬಾಗಿಲು, ಅದರ ಒಳಮೈಗೆ ತಿರುಪು ಹಾಕಿದ ಒಂದು ತಗಡು. ಆ ತಗಡಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಪದ. ಅಪ್ಪ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು: ಬೆಸ್ಟಾಟುಂಗ್.

ಹೆಸರಲ್ಲದಿದ್ದರೆ ಯಾರಾದರೂ ತಗಡಿನ ಮೇಲೆ ಬರೆಸಿ ಹಾಕಿಸುತ್ತಾರೆಯೇ? ಮೊದಲ ಒಡೆಯನ ಹೆಸರೇ ಅದು. ಒಡೆಯ ಎಂದರೆ ಸಾಮಾನ್ಯನಲ್ಲ, ದೊರೆ. ಬೇಟೆಗೆ ಹೋಗುವ ದೊರೆಗೆ ನಾಯಿಗಳಿರುತ್ತವೆ, ನಾಯಿಗಳ ಬೋನು ಸರಾಗವಾಗಿ ಒಳಗೆ ಹೋಗಲು ಹಳಿ ಬೇಕು. ದೊರೆಸಾನಿಯ ಮರ್ಯಾದೆಗೆ ಪರದೆ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಅನುಮಾನ ಪಡಲು ಜಾಗವೇ ಉಳಿಯಲಿಲ್ಲ. ಎಂಜಿನಿಯರನನ್ನು ಕೇಳಿದ್ದಕ್ಕೆ ಅವನು ನಕ್ಕು ಬೆನ್ನು ತಟ್ಟಿದನಂತೆ. ಅದನ್ನೂ ಅಪ್ಪ ಹೌದು ಎಂದೇ ಲೆಕ್ಕಕ್ಕೆ ತೆಗೆದುಕೊಂಡರು. ಕಾರಿಗೆ ಕೆನೆಬಣ್ಣ ಬಳಿಸಿ, ಹಳಿಗಳ ಮೇಲೆ ನಾಲ್ಕು ಬೋಲ್ಟಿನಲ್ಲಿ ಕೂರುವ ಹಿಂದಿನ ಸೀಟೊಂದನ್ನು ತಮ್ಮ ಕೈಯಾರೆ ಮಾಡಿ ಕೂರಿಸಿದರು. ಅಂದಿನಿಂದ ಆ ಮನೆಯ ಮದುವೆಗಳಿಗೆಲ್ಲ ಅದೇ ಕಾರು. ಯಜಮಾನರ ತಂಗಿ ಅದರಲ್ಲಿ ಹೋದಳು, ಯಜಮಾನರು ಹೆಂಡತಿಯನ್ನು ಕರೆತಂದದ್ದು ಅದರಲ್ಲಿ, ಹಿರಿಮಗಳು ಮದುಮಗಳಾಗಿ ಕೂತದ್ದು ಅದರಲ್ಲಿ. ಈ ಭಾನುವಾರ ಕಿರಿಮಗಳ ಸರದಿ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಯಜಮಾನರಿಗೆ ಒಂದು ಹುಕಿ ಬಂತು. ಹಳೆಯ ಕಾರುಗಳ ಚಾಸಿ ನಂಬರು ಬರೆದು ಕಳಿಸಿದರೆ, ಅದು ಯಾವತ್ತು ತಯಾರಾಯಿತು, ಯಾರಿಗೆ ಹೋಯಿತು ಎಂದು ಕಂಪನಿಯವರು ತಮ್ಮ ಹಳೇ ಕಡತ ನೋಡಿ ಪತ್ರ ಕಳಿಸುತ್ತಾರೆಂದು ಯಾರೋ ಹೇಳಿದ್ದರು. ಆ ಪತ್ರಕ್ಕೆ ಕಟ್ಟು ಹಾಕಿಸಿ ಮದುವೆ ಮನೆಯ ಬಾಗಿಲಲ್ಲೇ ತೂಗುಹಾಕಬೇಕು, ಬೀಗರು ಒಳಗೆ ಬರುವ ಮೊದಲು ದೊರೆಯ ಹೆಸರು ಓದಿಯೇ ಬರಬೇಕು. ಬರೆದು ಹಾಕಿದರು. ಬುಧವಾರ ಬೆಳಗ್ಗೆ ದಪ್ಪ ಲಕೋಟೆ ಬಂತು. ಪೂರ್ತಿ ಜರ್ಮನ್ ಭಾಷೆಯಲ್ಲಿತ್ತು.

ಔಷಧಿ ಅಂಗಡಿಯ ಮಹಡಿಯಲ್ಲಿ ಪರಭಾಷೆ ಕಲಿಸುವ ತರಗತಿಯಿತ್ತು. ಜರ್ಮನ್ ಕಲಿಸುವ ಮೇಡಂ ಇನ್ನೂ ಹಲಗೆ ಒರೆಸುತ್ತಿದ್ದರು. ಯಜಮಾನರು ಅವರ ಕುರ್ಚಿಯ ರೆಕ್ಸಿನ್ ಒಡೆದಿರುವುದನ್ನು ನೋಡಿ, ಇದನ್ನು ನಾನು ಪುಕ್ಕಟೆ ಹೊಲಿದುಕೊಡುತ್ತೇನೆ ಎಂದು ಮೊದಲೇ ಮಾತು ಕೊಟ್ಟು, ಲಕೋಟೆ ಮುಂದಿಟ್ಟರು.

ಮೇಡಂ ಓದಿದರು. “ಇದು ಪೂರ್ತಿ ಕಾರಾಗಿ ಫ್ಯಾಕ್ಟರಿಯಿಂದ ಹೊರಗೆ ಬಂದಿದ್ದಲ್ಲ. ಎಂಜಿನ್ನು, ಮುಂದಿನ ಭಾಗ, ಚಾಸಿ, ಇಷ್ಟೇ ಕಳಿಸಿದ್ದಾರೆ. ಹಿಂದಿನ ಭಾಗ ಬೇರೆ ಕಡೆ ಕಟ್ಟಿದ್ದು.”

“ಗೊತ್ತು ಮೇಡಂ. ದೊರೆ ಬೇಕಾದ ಹಾಗೆ ಕಟ್ಟಿಸ್ಕೊಂಡಿದ್ದು.”

“ಯಾವ ದೊರೆ?”

“ಬೆಸ್ಟಾಟುಂಗ್ ದೊರೆ. ಅಲ್ಲಿ ಬರೆದಿರಬೇಕಲ್ಲ?”

ಮೇಡಂ ಕಾಗದ ನೋಡಿದರು, ಅವರ ಮುಖ ನೋಡಿದರು. “ಅದನ್ನ ಬೆಶ್ಟಾಟುಂಗ್ ಅಂತಾರೆ” ಎಂದರು ಮೆಲ್ಲಗೆ.

“ನಾವು ಬೆಸ್ಟ್ ಅಂತೀವಿ ಮೇಡಂ. ಹೆಸರಲ್ಲೇ ಬೆಸ್ಟ್ ಇದೆ ನೋಡಿ.”

“ಯಜಮಾನ್ರೇ, ಅದು ಯಾರ ಹೆಸರೂ ಅಲ್ಲ. ಶವಸಂಸ್ಕಾರ ಅಂತ ಅರ್ಥ. ಈ ಕಾರು ಒಂದು ಊರಿನ ಪುರಸಭೆಗೆ ಹೋಗಿದೆ. ಹೆಣ ಸಾಗಿಸೋಕೆ. ಹನ್ನೊಂದು ವರ್ಷ ಅದೇ ಕೆಲಸದಲ್ಲಿತ್ತು ಅಂತ ಬರೆದಿದ್ದಾರೆ.”

ಯಜಮಾನರು ಮೊದಲು ನಕ್ಕರು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡರು. ಮೇಡಂ ನಗದೇ ಇದ್ದಾಗ ಅವರ ನಗು ಬಾಯಲ್ಲೇ ಒಣಗಿತು. ಹಳಿಗಳು ಕಣ್ಣ ಮುಂದೆ ಬಂದವು. ನಾಯಿಯ ಬೋನಿಗೆ ಅಷ್ಟುದ್ದದ ಹಳಿ ಯಾಕೆ ಬೇಕಿತ್ತು? ಉರುಳೆಗಳು ಬಂದವು. ಪರದೆಯ ಕಂಬಿ, ಕಪಾಟಿನಂಥ ಬಾಗಿಲು, ಕೆನೆಬಣ್ಣ ಎಲ್ಲೇ ಗೀರಿದರೂ ಕೆಳಗೆ ಕಾಣುತ್ತಿದ್ದ ಕಪ್ಪು, ಎಲ್ಲ ಒಂದೊಂದಾಗಿ ಬಂದು ನಿಂತವು. ಐವತ್ತು ವರ್ಷ ಕಣ್ಣೆದುರಿಗೇ ಇದ್ದದ್ದನ್ನು ಎರಡು ತಲೆಮಾರು ನೋಡಿರಲಿಲ್ಲ.

ಆಮೇಲೆ ಸ್ಟ್ರೆಚರಿನ ನೆನಪು ಬಂತು. ಯಜಮಾನರು ಮೇಜಿನ ಅಂಚು ಹಿಡಿದುಕೊಂಡರು.

ಹಿರಿಮಗಳ ಗಂಡ ಮದುವೆಯಾಗಿ ಹದಿನಾಲ್ಕನೇ ತಿಂಗಳಿಗೆ ಸತ್ತುಹೋಗಿದ್ದ. ಅಚ್ಚು ಯಂತ್ರಗಳ ರಿಪೇರಿ ಮಾಡುತ್ತಿದ್ದ ಗಟ್ಟಿ ಆಳು, ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಗಾಡಿ ಇಲ್ಲ, ಕಾಯಿರಿ ಎಂದರು. ಯಜಮಾನರಿಗೆ ಕಾಯುವ ಮನಸ್ಸಾಗದೆ ತಮ್ಮ ಕಾರನ್ನೇ ತಂದು, ಹಿಂದಿನ ಸೀಟಿನ ಬೋಲ್ಟುಗಳನ್ನು ತಾವೇ ಬಿಚ್ಚಿದ್ದರು. ನಾಲ್ಕು ಜನ ಹೊತ್ತು ತಂದ ಸ್ಟ್ರೆಚರಿನ ತುದಿ ಒಳಗಿಟ್ಟದ್ದಷ್ಟೇ. ಉಳಿದದ್ದಕ್ಕೆ ಯಾರೂ ತಳ್ಳಬೇಕಾಗಲಿಲ್ಲ, ಅದು ತಾನಾಗಿ ಸದ್ದಿಲ್ಲದೆ ಕೊನೆಯವರೆಗೆ ಸರಿದುಹೋಯಿತು. ಅಳಿಯನ ಮೈ ಸ್ವಲ್ಪವೂ ಅಲುಗಲಿಲ್ಲವಲ್ಲ, ಎಂಥ ಕಾರು ಎಂದು ಆ ದುಃಖದಲ್ಲೂ ಅವರಿಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆ ಈಗ ನೆನಪಾಗಿ ಅವರು ಮೇಜಿನ ಮೇಲಿದ್ದ ಲಕೋಟೆ ತೆಗೆದು ಮುಷ್ಟಿಯಲ್ಲಿ ಮುದುರಿಕೊಂಡರು.

“ನೀರು ಕುಡೀತೀರಾ?” ಎಂದು ಮೇಡಂ ಕೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು.

ಮೆಟ್ಟಿಲು ಹೇಗಿಳಿದರೋ, ರಸ್ತೆ ಹೇಗೆ ದಾಟಿದರೋ. ತಾವೇ ಮಗಳನ್ನು ಕೈಹಿಡಿದು ಆ ಕಾರಿನೊಳಗೆ ಕೂರಿಸಿದ್ದು ಮಾತ್ರ ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ಹೆಣದ ಗಾಡಿಯಲ್ಲಿ ಮದುಮಗಳನ್ನು ಕಳಿಸಿದ ಅಪ್ಪ. ಅದೇ ಕಾರಿನಲ್ಲಿ ಬಂದ ಅವರ ಹೆಂಡತಿ ಮೂವತ್ತೆರಡು ವರ್ಷದಿಂದ ಗಂಡನನ್ನು ಬೈದುಕೊಂಡು ಗಟ್ಟಿಮುಟ್ಟಾಗಿಯೇ ಇದ್ದಾಳೆ, ತಂಗಿಗೆ ಮೊಮ್ಮಕ್ಕಳಿದ್ದಾರೆ. ಅದ್ಯಾವುದೂ ಪಾಪ, ಆಗ ಅವರ ತಲೆಗೆ ಹೊಳೆಯಲಿಲ್ಲ. ಎರಡೇ ಎರಡು ವಿಷಯ ಗಟ್ಟಿಯಾದವು. ಕಿರಿಮಗಳು ಆ ಕಾರು ಹತ್ತಕೂಡದು. ಯಾಕೆಂದು ಹಿರಿಮಗಳಿಗೆ ಗೊತ್ತಾಗಕೂಡದು. ಗೊತ್ತಾದರೆ ಅವಳು ಇನ್ನೆಂದೂ ತನ್ನನ್ನು ಅಪ್ಪ ಎನ್ನಲಾರಳು.

ಗಂಡ ಸತ್ತ ಮೇಲೆ ಹಿರಿಮಗಳು ತವರಿಗೇ ಬಂದು ಅಂಗಡಿಯಲ್ಲಿ ಅಪ್ಪನ ಎದುರಿನ ಹೊಲಿಗೆ ಯಂತ್ರಕ್ಕೆ ಕೂತಿದ್ದಳು. ಅಪ್ಪನಿಗಿಂತ ನೇರವಾಗಿ ಹೊಲಿಯುತ್ತಾಳೆ ಎಂದು ಗಿರಾಕಿಗಳು ಅವರೆದುರಿಗೇ ಹೇಳುತ್ತಿದ್ದರು. ಯಜಮಾನರು ಒಳಗೆ ಕಾಲಿಟ್ಟಾಗ ಅವಳ ತೊಡೆಯ ಮೇಲೆ ಬಿಳಿಯ ಬಟ್ಟೆ ಹರಡಿಕೊಂಡಿತ್ತು. ತಂಗಿ ಕೂರುವ ಹಿಂದಿನ ಸೀಟಿಗೆ ಹೊಸ ಹೊದಿಕೆ.

“ಅದನ್ನ ಬಿಡು” ಎಂದರು ಯಜಮಾನರು. “ಕಾರು ತೆಗೆಯಲ್ಲ. ಬಾಡಿಗೆ ಕಾರು ಹೇಳ್ತೀನಿ.”

“ಯಾಕೆ?”

“ಎಂಜಿನ್ ಯಾಕೋ ಸರಿಯಿಲ್ಲ.”

“ಬೆಳಗ್ಗೆ ನಾನೇ ಸ್ಟಾರ್ಟ್ ಮಾಡಿದೀನಲ್ಲಪ್ಪ. ಗಡಿಯಾರದ ಥರ ಇತ್ತು.”

“ಹಳೇ ಕಾರು. ನಂಬೋಕಾಗಲ್ಲ.”

ನಲವತ್ತೆಂಟು ಗಂಟೆ ಬಿಡದೆ ಆ ಕಾರನ್ನು ಹೊಗಳಬಲ್ಲ ಬಾಯಿಂದ ಇಂಥ ಮಾತು ಬಂದರೆ ಯಾರು ನಂಬುತ್ತಾರೆ? ಮಗಳು ಯಂತ್ರದಿಂದ ಕಾಲು ತೆಗೆದಳು. ಅವರ ಮುಖ ನೋಡಿದಳು, ಕೈಯಲ್ಲಿ ಮುದುರಿದ್ದ ಲಕೋಟೆ ನೋಡಿದಳು. ಅದರ ಮೇಲಿನ ಅಂಚೆಚೀಟಿ ನೋಡಿದಳು.

“ಗೊತ್ತಾಯ್ತಾ?” ಎಂದಳು.

ಯಜಮಾನರು ಲಕೋಟೆಯನ್ನು ಬೆನ್ನ ಹಿಂದೆ ಸರಿಸಿದರು. “ಏನು ಗೊತ್ತಾಗೋದು?”

“ಆ ಪದದ ಅರ್ಥ. ನನಗೆ ಮದುವೆ ದಿನಾನೇ ಗೊತ್ತಿತ್ತಪ್ಪ.”

ಯಜಮಾನರು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು. ಮಗಳು ಬಟ್ಟೆಯ ಅಂಚನ್ನು ಬೆರಳಿನಿಂದ ನೇರಮಾಡುತ್ತ ಹೇಳಿದಳು.

“ನಮ್ಮನೆಯವರ ಯಂತ್ರಗಳ ಪುಸ್ತಕ ಎಲ್ಲಾ ಜರ್ಮನ್‌ನಲ್ಲೇ ಇರ್ತಿತ್ತಲ್ಲ, ಅಲ್ಪಸ್ವಲ್ಪ ಓದೋಕೆ ಬರ್ತಿತ್ತು. ಹಿಂದೆ ಪೆಟ್ಟಿಗೆ ಇಡೋವಾಗ ತಗಡು ನೋಡಿದ್ರಂತೆ. ಕಾರು ಹೊರಟ ಮೇಲೆ ನನ್ನ ಕಿವಿಯಲ್ಲಿ ಹೇಳಿದ್ರು. ನೀನು ಮುಂದೆ ಕೂತು ದೊರೆ ಕಥೆ ಹೇಳ್ತಾ ಇದ್ದೆ, ನಾಯಿಗಳ ಹತ್ರ ಬಂದಿದ್ದೆ. ನಂಗೆ ನಗು ತಡೆಯೋಕಾಗ್ಲಿಲ್ಲ. ಮುಖ ಮುಚ್ಕೊಂಡು ನಕ್ಕೆ. ನೀನು ಕನ್ನಡಿಯಲ್ಲಿ ನೋಡಿ, ಅಳಬೇಡಮ್ಮ, ಇಲ್ಲೇ ಹತ್ರದ ಊರು ಅಂದೆ.”

ಅಂದಿದ್ದರು. ಅಂದು ತಾವೂ ಕಣ್ಣೊರೆಸಿಕೊಂಡಿದ್ದರು.

“ಆಗ ಅವರು ಇನ್ನೊಂದು ಮಾತಂದ್ರು.” ಅವಳ ಬೆರಳು ನಿಂತಿತು. “ಮಾವನಿಗೆ ಹೇಳಬೇಡ ಪಾಪ, ನಾನು ಸತ್ರೆ ನನ್ನನ್ನೂ ಇದ್ರಲ್ಲೇ ತಗೊಂಡು ಹೋಗ್ಲಿ, ದೊರೆ ಥರ ಹೋಗ್ತೀನಿ ಅಂದ್ರು. ಬಿಡ್ತು ಅನ್ನಿ ಅಂತ ನಾನು ಹೇಳಬೇಕಿತ್ತು. ಎಳೇ ಮಕ್ಕಳಿಗೂ ಗೊತ್ತಿರುತ್ತೆ, ಅಂಥ ಮಾತು ಆಡಿದ್ರೆ ಬಿಡ್ತು ಅನ್ನು ಅಂತಾರೆ. ನಾನು ಅನ್ಲಿಲ್ಲ. ಅದಕ್ಕೂ ನಕ್ಕೆ.”

ಮಗಳು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

“ಆಸ್ಪತ್ರೆಯಿಂದ ಬರೋವಾಗ ನಾನು ನಿನ್ನ ಪಕ್ಕ ಕೂತಿದ್ದೆನಲ್ಲ, ದಾರಿಯುದ್ದಕ್ಕೂ ಅದೇ ತಲೇಲಿ. ಈಗ ಆರು ವರ್ಷ ಆಯ್ತು. ದಿನಾ ಅನ್ಕೋತೀನಿ, ಒಂದು ಪದ. ಒಂದೇ ಒಂದು ಪದ ಅಂದಿದ್ರೆ ಉಳೀತಿದ್ರೇನೋ.”

ಆರು ವರ್ಷ. ನಾಲ್ಕಡಿ ದೂರದಲ್ಲಿ ಕೂತು, ಒಂದೇ ಡಬ್ಬಿಯ ಸೂಜಿ ಹಂಚಿಕೊಂಡು, ಮಗಳು ಇದನ್ನು ಎದೆಯೊಳಗಿಟ್ಟುಕೊಂಡಿದ್ದಳು. ಬೆಳಗ್ಗೆಯಿಂದ ಆದ ಆಘಾತವೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು ಯಜಮಾನರಿಗೆ. ತನ್ನನ್ನು ಶಪಿಸುತ್ತಾಳೆ ಎಂದು ಅವರು ಹೆದರಿದ್ದರು. ಅವಳು ತನ್ನನ್ನೇ ಶಪಿಸಿಕೊಂಡು ಕೂತಿದ್ದಳು.

“ಹುಚ್ಚು ಹುಡುಗಿ” ಎಂದರು ಯಜಮಾನರು. “ಅದು ಕಾರಮ್ಮ. ಬರೀ ತಗಡು, ಟೈರು. ಒಳಗೆ ಕೂತೋರು ಏನಂದ್ರು, ಯಾರು ನಕ್ರು ಅಂತ ಅದಕ್ಕೇನು ಗೊತ್ತಾಗುತ್ತೆ? ಅವನ ಎದೆ ನಿಂತಿದ್ದಕ್ಕೂ ನೀನು ನಕ್ಕಿದ್ದಕ್ಕೂ ಸಂಬಂಧ ಇಲ್ಲ. ಕಾರಿಗೂ ಇಲ್ಲ, ನಿನಗೂ ಇಲ್ಲ.”

“ನಿಜ ಹೇಳ್ತಿದೀಯಾ?”

“ಹೂಂ.”

“ನಂಗೋಸ್ಕರ ಹೇಳ್ತಿಲ್ಲ ತಾನೆ?”

“ಇಲ್ಲಮ್ಮ.”

“ಹಾಗಾದ್ರೆ ತಂಗಿಗೆ ಯಾಕೆ ಬಾಡಿಗೆ ಕಾರು?”

ಅವಳು ಅಪ್ಪನನ್ನು ಸಿಕ್ಕಿಸಲು ಕೇಳಿದ್ದಲ್ಲ. ವೈದ್ಯರು ಬಾಯಿಬಿಡುವುದನ್ನು ಕಾಯುವವರಂತೆ ಅವರ ತುಟಿಯನ್ನೇ ನೋಡುತ್ತಿದ್ದಳು. ಯಜಮಾನರ ಕಣ್ಣ ಮುಂದೆ ಆ ಹಳಿಗಳಿದ್ದವು, ಅವುಗಳ ಮೇಲೆ ಬಿಳಿ ಹೊದಿಕೆಯ ಸೀಟಿತ್ತು, ಸೀಟಿನ ಮೇಲೆ ಕಿರಿಮಗಳಿದ್ದಳು. ಬೇಡ ಎಂದು ಅವರ ಮೈಯ ಒಂದೊಂದು ರೋಮವೂ ಹೇಳುತ್ತಿತ್ತು. ಬೇಡ ಎಂದರೆ ಎದುರಿಗೆ ಕೂತಿರುವವಳು ಸಾಯುವವರೆಗೂ ಆ ನಗುವಿನ ಲೆಕ್ಕ ಒಪ್ಪಿಸುತ್ತಲೇ ಇರುತ್ತಾಳೆ.

“ಇಲ್ಲ, ನಮ್ಮ ಕಾರೇ ತೆಗೀತೀನಿ” ಎಂದರು. ಆ ಧ್ವನಿ ತಮ್ಮದೆಂದು ಅವರಿಗೇ ಗುರುತಾಗಲಿಲ್ಲ. “ನಾನೇ ಓಡಿಸ್ತೀನಿ. ನೀನು ಅವಳ ಪಕ್ಕ ಕೂತ್ಕೋ.”

ಮಗಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಗಂಡ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಯಜಮಾನರು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಅವಳಿಗೆ ಕೇಳಿಸದಂತೆ, ಬಿಡ್ತು ಬಿಡ್ತು ಎಂದುಕೊಂಡರು. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.