ಹನ್ನೆರಡು ಗ್ರಾಂ ಜೀವ

ನಾನು ಒಂದು ಸ್ಪ್ರಿಂಗ್ ತಕ್ಕಡಿ. ಬೆರಳುಗಾತ್ರದ ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸ್ಪ್ರಿಂಗು, ಮೈಮೇಲೆ ಗೆರೆಗಳು, ಕೆಳಗೊಂದು ಕೊಂಡಿ. ಕಾರ್ಖಾನೆಯಲ್ಲಿ ಹಿತ್ತಾಳೆಯ ಸಣ್ಣ ತೂಕದ ಬಟ್ಟು ನೇತುಹಾಕಿ ನನ್ನನ್ನು ಪರೀಕ್ಷಿಸಿದರು. ಅಕ್ಕಿ, ಬೇಳೆ ತೂಗುವ ಶಕ್ತಿ ನನಗಿಲ್ಲ. ಅಷ್ಟು ಭಾರ ಬಿದ್ದರೆ ಸ್ಪ್ರಿಂಗು ಹಿಗ್ಗಿ ಹಾಳಾಗುತ್ತದೆ.

ನನ್ನನ್ನು ಕೊಂಡವಳು ಫರ್ಜಾನಾ. ಬಳ್ಳಾರಿಯ ಹೆಣ್ಣುಮಗಳು, ಕಾಡಿಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡು, ಕೊಪ್ಪಳದ ಕಡೆಯ ಒಂದು ಕಲ್ಲುಗುಡ್ಡಕ್ಕೆ ನನ್ನನ್ನು ಒಯ್ದಳು. ಅಲ್ಲಿ ಕುರಿ ಮೇಯಿಸುವ ಹುಲಿಗೆವ್ವ ಅವಳಿಗೆ ಜೊತೆಯಾದಳು.

ಬೆಳಗ್ಗೆ ಬಿಸಿಲೇರುವ ಮುಂಚೆ ಫರ್ಜಾನಾ ಹಿಂದಿನ ರಾತ್ರಿ ಇಟ್ಟಿದ್ದ ಬೋನು ತೆರೆದಳು. ಇಲಿಯನ್ನು ಬಟ್ಟೆಚೀಲಕ್ಕಿಳಿಸಿ ನನ್ನ ಕೊಂಡಿಗೆ ಸಿಕ್ಕಿಸಿದಳು. ಜೀವವಿರುವುದನ್ನು ನಾನು ಹಿಡಿದದ್ದು ಅದೇ ಮೊದಲು. ಗೆರೆ ಒಂದೆಡೆ ನಿಲ್ಲದೆ ನಡುಗಿತು. ಚೀಲದ ತೂಕ ಕಳೆದರೆ ಹನ್ನೆರಡು ಗ್ರಾಂ. ಮೂತಿಯಿಂದ ಬಾಲದ ಬುಡದವರೆಗೆ ಕಿರುಬೆರಳಿನಷ್ಟು ಉದ್ದ.

"ಇಷ್ಟ ಏನ್ರೀ? ಇದನ್ನ ತೂಗಿ ಏನ್ ಮಾಡ್ತೀರಿ?" ಎಂದು ಹುಲಿಗೆವ್ವ ನಕ್ಕಳು.

"ಬ್ಯಾರೆ ಗುಡ್ಡದಾಗ ಇಂಥವು ಇದಕ್ಕಿಂತ ದೊಡ್ಡವು ಅದಾವವ್ವ. ಇಲ್ಲಿವು ಬ್ಯಾರೆ ಜಾತಿ ಅಂತ ಗೊತ್ತಾದ್ರ ಈ ಗುಡ್ಡ ಉಳಿಸಬೌದು."

ಹುಲಿಗೆವ್ವನ ನಗು ನಿಂತಿತು. ಗುಡ್ಡದ ಆಚೆ ಮಗ್ಗುಲಲ್ಲಿ ಆಗಲೇ ಕಲ್ಲಿನ ಕ್ವಾರಿ ತೆರೆದಿತ್ತು. ಬಂಡೆ ಸಿಡಿದಾಗಲೆಲ್ಲ ಕುರಿಗಳು ಚೆದುರಿ ಓಡುತ್ತಿದ್ದವು. ಗುಡ್ಡ ಹೋದರೆ ಅವಕ್ಕೆ ಬೇರೆ ಮೇವಿರಲಿಲ್ಲ. ಅಂದಿನಿಂದ ನನ್ನ ಗೆರೆಯ ಮೇಲೆ ಇಬ್ಬರ ಕಣ್ಣೂ ನೆಟ್ಟಿತು. ಇಲಿ ಹಗುರಾದಷ್ಟೂ ಅವರಿಗೆ ಸಂತೋಷ.

ಮರುವರ್ಷ ಒಳ್ಳೆಯ ಮಳೆಯಾಯಿತು. ಹುಲ್ಲು ತೆನೆಗಟ್ಟಿತು. ಕಾಳು ತಿಂದ ಇಲಿಗಳು ಹದಿನಾರು, ಹದಿನೇಳು ಗ್ರಾಂ ತೂಗಿದವು. ಸುಳ್ಳು ತೋರಿಸಲು ಬರುವಂತಿದ್ದರೆ ನಾನು ಖಂಡಿತ ತೋರಿಸುತ್ತಿದ್ದೆ. ಫರ್ಜಾನಾ ಮತ್ತೆ ಮತ್ತೆ ತೂಗಿದಳು. ಕೊನೆಗೆ ಬಂಡೆಯ ಮೇಲೆ ಕುಸಿದು ಕುಳಿತಳು.

"ಬ್ಯಾರೆ ಜಾತಿ ಅಲ್ಲವ್ವ. ಎಲ್ಲಾ ಕಡಿ ಇರೋ ಇಲೀನ ಇವು. ಹೊಟ್ಟಿಗಿಲ್ದ ಸಣ್ಣಗಾಗಿದ್ವು ಅಷ್ಟ."

"ಎಲ್ಲಾ ಕಡಿ ಅದಾವಂದ್ರ ಇಲ್ಲಿವು ಸಾಯ್ಲೇನ್ರೀ?"

ಫರ್ಜಾನಾ ಚೀಲದ ಬಾಯಿ ಬಿಚ್ಚಿ ಇಲಿಯನ್ನು ಬಂಡೆಸಂದಿಗೆ ಬಿಟ್ಟಳು.

ಬೇಸಿಗೆಯ ಹೊತ್ತಿಗೆ ಕ್ವಾರಿ ಈಚೆಗೂ ದಾಟಿತು. ನಮ್ಮ ಇಳಿಜಾರನ್ನು ಸಿಡಿಸುವ ದಿನ ಬೆಳಗ್ಗೆ, ಸಿಕ್ಕಷ್ಟು ಇಲಿಗಳನ್ನು ಹಿಡಿದು ಬೇರೆ ಗುಡ್ಡಕ್ಕೆ ಬಿಡಲು ಅವರಿಬ್ಬರೂ ಬಂದರು. ಸಿಕ್ಕಿದ್ದು ಒಂದೇ ಒಂದು. ಅಭ್ಯಾಸಬಲದಿಂದ ಫರ್ಜಾನಾ ಅದನ್ನೂ ನನಗೆ ಸಿಕ್ಕಿಸಿದಳು. ಆಮೇಲೆ ಅಂಗೈಯಲ್ಲಿ ಹೊರಳಿಸಿ ನೋಡಿದಳು. ಹೊಟ್ಟೆಯ ಕೂದಲು ಹಾಲಿನಿಂದ ಒದ್ದೆಯಾಗಿತ್ತು.

"ಬಾಣಂತಿ ಐತ್ರೀ. ಮರಿ ಈ ಬಿಲದಾಗ ಅದಾವು," ಎಂದಳು ಹುಲಿಗೆವ್ವ.

ಇಲಿಯನ್ನು ಮತ್ತೆ ಚೀಲಕ್ಕೆ ಹಾಕಿ, ಇಬ್ಬರೂ ಹಾರೆ ಹಿಡಿದು ಅಗೆದರು. ಬಿಲ ಬಂಡೆಯ ಅಡಿಗೆ ಹೋಗಿತ್ತು. ಹಾರೆಯ ಮೊನೆ ಕಲ್ಲಿಗೆ ತಾಗಿ ಕಿಡಿ ಹಾರಿತೇ ಹೊರತು ಮುಂದೆ ಹೋಗಲಿಲ್ಲ.

"ತಾಯಿನ್ನಾದ್ರೂ ಒಯ್ಯೋಣವ್ವ."

ಹುಲಿಗೆವ್ವ ಮುಖ ಆಚೆ ತಿರುಗಿಸಿದಳು. ಫರ್ಜಾನಾ ಚೀಲದಿಂದ ಇಲಿಯನ್ನು ಹೊರತೆಗೆದಳು. ಬಿಲದ ಬಾಯಿಯಲ್ಲಿ ಕೈ ಸಡಿಲಿಸಿದಳು. ಇಲಿ ಹಿಂತಿರುಗಿ ನೋಡದೆ ಒಳಗೆ ನುಗ್ಗಿತು.

ಕ್ವಾರಿಯ ಸೈರನ್ ಕೂಗಿತು. ನಾವು ಇಳಿದೆವು. ಕೆಳಗೆ ರಸ್ತೆ ಮುಟ್ಟುವಷ್ಟರಲ್ಲಿ ನೆಲ ಅದುರಿತು.

ಹುಲಿಗೆವ್ವ ಕುರಿ ಮಾರಿ, ಅದೇ ಗುಡ್ಡದ ಕಲ್ಲು ಪುಡಿಮಾಡುವ ಕ್ರಷರಿನಲ್ಲಿ ಕೂಲಿಗೆ ಸೇರಿದಳು. ಫರ್ಜಾನಾ ಹುಡುಕಿಕೊಂಡು ಹೋದಾಗ ಧೂಳಿನಲ್ಲಿ ಕೆಮ್ಮುತ್ತ ಎದ್ದು ಬಂದಳು.

"ಈಗ ಏನ್ ತೂಗ್ತೀರಿ, ಯವ್ವಾ?"

"ಏನೂ ಇಲ್ಲ."

ಸಂಜೆ ಮನೆಗೆ ಬಂದ ಫರ್ಜಾನಾ ನನ್ನನ್ನು ಕೊರಳಿಂದ ತೆಗೆದು ಮೇಜಿನ ಡ್ರಾಯರಿಗೆ ಹಾಕಿದಳು. ಅದಾಗಿ ಎಷ್ಟೋ ಕಾಲವಾಯಿತು. ಸ್ಪ್ರಿಂಗು ತುಕ್ಕು ಹಿಡಿದಿದೆ. ಇನ್ನು ಯಾರಾದರೂ ಕೈಗೆತ್ತಿಕೊಂಡರೂ ಅಷ್ಟು ಸಣ್ಣ ಜೀವ ನನ್ನ ಅರಿವಿಗೆ ಬರಲಾರದು.