ಕೂಡಿಹಾಕಿದ ಬೆಕ್ಕು

"ಲ್ಯುಕೇಮಿಯ. ಬೇರೆ ಬೆಕ್ಕುಗಳ ಜೊತೆ ಸೇರಿಸಬೇಡಿ" ಎಂದರು ಪ್ರಾಣಿವೈದ್ಯರು. ಹಾಗಾಗಿ ಉಸ್ಕುದಾರ್‌ನ ನನ್ನ ಮನೆಯಲ್ಲಿ ತರ್ಚಿನ್ ಎಂಬ ಈ ಬೆಕ್ಕಿಗೆ ಒಂದು ಕೋಣೆ, ಒಂದು ಬಟ್ಟಲು, ಬಿಸಿಲು ಬೀಳುವ ಒಂದು ಕಿಟಕಿ. ಇಂಥ ಬೆಕ್ಕುಗಳನ್ನು ಯಾರೂ ಸಾಕುವುದಿಲ್ಲ. ಅವು ಬದುಕಿರುವಷ್ಟು ದಿನ ನಾನು ಇಟ್ಟುಕೊಳ್ಳುತ್ತೇನೆ. ಇದು ಐದನೆಯದು. ಬೆಚ್ಚಗೆ ನನ್ನ ಮಡಿಲಲ್ಲಿ ಕಣ್ಣು ಮುಚ್ಚಲಿ, ನನಗೆ ಅಷ್ಟೇ ಬೇಕಿತ್ತು.

ಕೆಳಮನೆಯ ಸಾಬಿಹಾ ಚಿಕ್ಕಮ್ಮ ಮೆಟ್ಟಿಲಲ್ಲೇ ತಡೆದರು.

"ಬ್ಲಡ್ ಕ್ಯಾನ್ಸರ್ ಬೆಕ್ಕಂತಲ್ಲ ಮಗಳೇ! ನನ್ನ ಸೊಸೆ ಬಸುರಿ. ಅಂಟ್ಕೊಂಡ್ರೆ?"

"ಮನುಷ್ಯರಿಗೆ ಬರಲ್ಲ ಚಿಕ್ಕಮ್ಮ. ಬೆಕ್ಕಿಂದ ಬೆಕ್ಕಿಗೆ, ಎಂಜಲಿಂದ. ನಿಮ್ಮ ಬೆಕ್ಕು ಬೊಂಜುಕ್‌ನ ನನ್ನ ಮನೆಗೆ ಬಿಡ್ಬೇಡಿ, ಸಾಕು."

"ಅದು ಹೋಗ್ಲಿ. ಬೆಕ್ಕನ್ನ ಕೂಡಿಹಾಕಿದ ಹೆಂಗಸು ನರಕಕ್ಕೆ ಹೋದ್ಲು ಅಂತ ಪ್ರವಾದಿಗಳೇ ಹೇಳಿದಾರೆ. ನಿಂಗೆ ದೇವರ ಭಯ ಬೇಡ್ವಾ?"

"ಅವಳು ಊಟ ಹಾಕಿರ್ಲಿಲ್ಲ. ನಾನು ಕೋಳಿ ಬೇಯ್ಸಿ ಹಾಕ್ತೀನಿ."

ಗೆದ್ದೆ ಎಂದುಕೊಂಡೆ. ಬಾಯಿ ಜೋರಿದ್ದವರ ಭ್ರಮೆ ಅದು.

ಜನವರಿಯಲ್ಲಿ ಅಕ್ಕನನ್ನು ನೋಡಲು ಒಂದು ದಿನ ಬುರ್ಸಾಕ್ಕೆ ಹೋಗಿದ್ದೆ. ನಮ್ಮ ಕಟ್ಟಡದಲ್ಲಿ ಎಲ್ಲರ ಇನ್ನೊಂದು ಬೀಗದ ಕೈ ನೆರೆಮನೆಯಲ್ಲಿರುತ್ತದೆ. ನನ್ನದು ಸಾಬಿಹಾರ ಬಳಿ. ಮರಳಿದರೆ ಕೋಣೆ ಖಾಲಿ.

"ಮಸೀದಿ ಅಂಗಳದಲ್ಲಿ ಬಿಟ್ಟೆ" ಎಂದರು, ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಕಳೆ. "ಪಾತ್ರೆ ತೊಳೆಯೋ ಗ್ಲೌಸ್ ಹಾಕ್ಕೊಂಡೇ ಎತ್ಕೊಂಡು ಹೋದೆ. ಅಲ್ಲಿ ಎಷ್ಟೊಂದು ಜೊತೆಗಾರರಿದಾರೆ. ಒಂದೇ ಬಟ್ಟಲಲ್ಲಿ ತಿಂತಿತ್ತು, ನೋಡೋಕೇ ಚೆಂದ."

ಹಿಮದಲ್ಲಿ ಮೂರು ದಿನ ಹುಡುಕಿದೆ. ನಾಲ್ಕನೆಯ ದಿನ, ಮಸೀದಿಯ ಕೈಕಾಲು ತೊಳೆಯುವ ನಲ್ಲಿಗಳ ಹಿಂದೆ, ಕಟ್ಟಿಗೆಯ ಹಾಗೆ ಸೆಟೆದು ಬಿದ್ದಿತ್ತು. ಆ ಮುದುಕಿಯನ್ನು ಅಂದು ಮನಸಾರೆ ಶಪಿಸಿದೆ. ಆಮೇಲೂ ಹಿಂತೆಗೆದುಕೊಳ್ಳಲಿಲ್ಲ.

ಜೂನ್‌ನಲ್ಲಿ ಅವರೇ ಮೇಲೆ ಬಂದರು. ಬುಟ್ಟಿಯಲ್ಲಿ ಬೊಂಜುಕ್. ದಿನಾ ಆ ಮಸೀದಿ ಅಂಗಳಕ್ಕೆ ಹೋಗಿ ತಿಂದು ಬರುತ್ತಿದ್ದ ಬೆಕ್ಕು. ವಸಡು ಕಾಗದದಷ್ಟು ಬಿಳಿ.

"ಡಾಕ್ಟ್ರು ಅದೇ ಹೆಸರು ಹೇಳಿದ್ರು. ಮನೇಲಿ ಹಸುಗೂಸಿದೆ. ನೀನೇ ಇಟ್ಕೋ ಮಗಳೇ."

"ಕೂಸಿಗೆ ಬರಲ್ಲ ಅಂತ ಎಷ್ಟು ಸಲ ಹೇಳ್ಲಿ? ಇದು ಏಳು ವರ್ಷ ನಿಮ್ಮ ಹಾಸಿಗೇಲಿ ಮಲಗಿದ ಬೆಕ್ಕು. ನಿಮ್ಮ ಹತ್ರಾನೇ ಇರ್ಲಿ."

"ನಂಗೆ ಭಯ ಆಗತ್ತೆ" ಎಂದರು. ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು, ಅಳುತ್ತಾ ಇಳಿದರು.

ಬೊಂಜುಕ್ ತರ್ಚಿನ್‌ನ ಬಟ್ಟಲನ್ನು ಮೂಸಲೂ ಇಲ್ಲ. ಬಾಗಿಲಿಗೆ ಮೂತಿಯಿಟ್ಟು ಸಂಜೆಯವರೆಗೂ ಕೂಗಿತು. ಕೆಳಮನೆಗೆ ಅದು ಚೆನ್ನಾಗಿ ಕೇಳಿಸುತ್ತದೆ. ಯಾರೂ ಮೇಲೆ ಬರಲಿಲ್ಲ.