ಎಡದೆತ್ತು, ಬಲದೆತ್ತು

"ಅಕ್ಷರ ಒಂದೇ, ಉಚ್ಚಾರಾನೂ ಒಂದೇ. ಅರ್ಥ ಮಾತ್ರ ಎರಡು. ಯಾವ್ದು ಯಾವಾಗ ಅಂತ ಹೆಂಗಮ್ಮಾ ಗೊತ್ತಾಗೋದು?"

ಹಿಂದಿನ ಬೆಂಚಿನಿಂದ ಬಸವರಾಜಪ್ಪನವರು ಕೇಳಿದಾಗ ವನಮಾಲಾಳ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಹಲಗೆಯ ಮೇಲೆ ಇಂಗ್ಲಿಷಿನಲ್ಲಿ 'ಬ್ಯಾಂಕ್' ಎಂದು ಬರೆದಿದ್ದಳು. ಹಣ ಇಡುವ ಜಾಗವೂ ಬ್ಯಾಂಕೇ, ಹೊಳೆಯ ದಂಡೆಯೂ ಬ್ಯಾಂಕೇ ಎಂದಿದ್ದಳು. ಮಧ್ಯಾಹ್ನ ಮೂರು ಸಲ ನಿಘಂಟು ತೆಗೆದು ನೋಡಿದ್ದರೂ ಈಗ ಅನುಮಾನ. ಅವಳೂ ಇಂಥ ಸಂಜೆ ತರಗತಿಯಲ್ಲೇ ಓದಿದವಳು, ಡಿಗ್ರಿಯಿಲ್ಲ. ೧೯೭೭ರಲ್ಲಿ ಅಜ್ಜಂಪುರದ ಈ ಮಠದ ಹಜಾರದಲ್ಲಿ ದುಡಿಯುವವರಿಗೆ ಎಸ್ಸೆಸ್ಸೆಲ್ಸಿ ಪಾಠ ಹೇಳಲು ಶುರುಮಾಡಿ ಎರಡು ವರ್ಷವಾಗಿತ್ತು. ತರಗತಿ ನಡೆಸುವ ಸಮಿತಿಯ ಅಧ್ಯಕ್ಷರಾದ ಬಸವರಾಜಪ್ಪನವರಿಗೆ ಅವಳನ್ನು ಬಿಡಿಸಿ, ತರೀಕೆರೆಯಿಂದ ಬಿ.ಎ. ಆದವರೊಬ್ಬರನ್ನು ಕರೆಸುವ ಮನಸ್ಸು. ಪಾಠ ಒಮ್ಮೆ ಕೇಳಿಯೇ ತೀರ್ಮಾನಿಸೋಣವೆಂದು ಬಂದಿದ್ದರು.

ಉತ್ತರ ಗೊತ್ತಿತ್ತು. ಆದರೂ ಮತ್ತೆ ನಿಘಂಟಿಗೆ ಕೈಹಾಕಿದಳು.

ಅಷ್ಟರಲ್ಲಿ ದೇವೀರಪ್ಪ ಹೆಗಲ ಟವೆಲು ಸರಿಪಡಿಸಿಕೊಂಡು ಎದ್ದ. ಸುತ್ತಲ ಹಳ್ಳಿಗಳಿಗೆ ಎತ್ತಿನ ಜೋಡಿ ಹೊಂದಿಸಿಕೊಡುವ ಕಸುಬಿನವನು; ನಲವತ್ತೈದನೇ ವಯಸ್ಸಿನಲ್ಲಿ ಪರೀಕ್ಷೆಗೆ ಕಟ್ಟಿದ್ದ.

"ಯಜಮಾನ್ರೇ, ನಿಮ್ಮ ಜೋಡಿ ನಾನೇ ಹೊಂದ್ಸಿಕೊಟ್ಟಿದ್ದು. ಬಣ್ಣ ಒಂದೇ, ಕೊಂಬೂ ಒಂದೇ. ಕೊಟ್ಟಿಗೇಲಿ ನಿಂತಾಗ ಎಡದ್ಯಾವ್ದು, ಬಲದ್ಯಾವ್ದು ಹೇಳ್ತೀರಾ?"

"ನೊಗಕ್ಕೆ ಕಟ್ಟಿದ್ರೆ ತಾನೇ ಗೊತ್ತಾಗ್ತದೆ ಕಣೋ. ಎಡದ್ದನ್ನ ಬಲಕ್ಕೆ ಕಟ್ಟಿದ್ರೆ ಹೆಜ್ಜೇನೇ ಇಕ್ಕಲ್ಲ."

"ಪದಾನೂ ಹಂಗೇಯ. ವಾಕ್ಯಕ್ಕೆ ಕಟ್ಟಿ ನೋಡ್ಬೇಕು. ಮೇಡಮ್ಮೋರೇ ಹೇಳ್ಕೊಟ್ಟಿದ್ದು."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ವನಮಾಲಾಳಿಗೆ ಅದು ಆಗಲಿಲ್ಲ. "ವಾಕ್ಯ ನೋಡಿ ಅಂತ ಹೇಳಿದ್ದಷ್ಟೇ ನಾನು, ಸಾರ್. ಎತ್ತಿನ ಮಾತು ಅವರದೇ," ಎಂದಳು.

ಬಸವರಾಜಪ್ಪನವರು ಕಟ್ಟಿ ತೋರಿಸಲು ಹೇಳಿದರು. ದೇವೀರಪ್ಪ ಹಲಗೆಯ ಬಳಿಗೆ ಹೋಗಿ, ಮುರಿದ ಸೀಮೆಸುಣ್ಣದಲ್ಲಿ, ಉಳುವವನ ನಿಧಾನದಲ್ಲಿ, ಎರಡು ಸಾಲು ಬರೆದ. ಒಂದರಲ್ಲಿ ಹಣವಿತ್ತು, ಇನ್ನೊಂದರಲ್ಲಿ ನೀರು. ತಾನು ಎರಡು ವರ್ಷ ತಿದ್ದಿದ ಕೈ ಅದು ಎಂದು ವನಮಾಲಾ ನೋಡುತ್ತಲೇ ನಿಂತಳು.

"ಹೊಂದಿದ ಜೋಡಿ ಒಡೀಬಾರ್ದು," ಎನ್ನುತ್ತ ಬಸವರಾಜಪ್ಪನವರು ಬಾಗಿಲಲ್ಲಿ ಬಿಟ್ಟಿದ್ದ ಮೆಟ್ಟು ಹುಡುಕಿಕೊಂಡರು. "ತರೀಕೆರೆಯೋರಿಗೆ ಬರೋದು ಬ್ಯಾಡ ಅಂತ ಹೇಳ್ಕಳಿಸ್ತೀನಿ."

ತಪ್ಪೇನಾದರೂ ಯಾರ ಕಣ್ಣಿಗಾದರೂ ಬಿದ್ದೀತೆಂದು ದಿನವೂ ಬಾಗಿಲು ಹಾಕುವ ಮುನ್ನ ಹಲಗೆಯನ್ನು ಎರಡೆರಡು ಸಲ ಒರೆಸುವವಳು ಅವಳು. ಅಂದು ಒದ್ದೆ ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು. ಹಲಗೆಯ ಮೇಲೆ ಆ ಎರಡು ಸಾಲು ಹಾಗೇ ಇದ್ದವು.